ಬಟಾಟೆ ಬೇಯಲಿಲ್ಲ, ಖೀಮಾ ಕೆಂಪಾಗಲಿಲ್ಲ: ಒಂದೇ ಬಾಣಲೆಯಲ್ಲಿ ರಾತ್ರಿಯೂಟ ಮಾಡುವುದು ಹೇಗೆ?

ಪ್ರಶ್ನೆ: ನನ್ನ ಊರು ಕಾರ್ಕಳದ ಹತ್ತಿರ. ಈಗ ಅಮೆರಿಕದ ಮಿನೆಸೋಟಾದಲ್ಲಿ ಎಂ.ಎಸ್. ಓದುತ್ತಿದ್ದೇನೆ. ಮನೆಯಲ್ಲಿ ಅಮ್ಮ ಭಾನುವಾರ ಚರ್ಚ್‌ನಿಂದ ಬಂದ ಮೇಲೆ ಕುಕ್ಕರ್‌ನಲ್ಲಿ ಬೀಫ್ ಖೀಮಾ, ಬಟಾಟೆ ಹಾಕಿ ಪಲ್ಯದ ಹಾಗೆ ಮಾಡುತ್ತಿದ್ದರು. ಇಲ್ಲಿ ನನ್ನ ಹತ್ತಿರ ಕುಕ್ಕರ್ ಇಲ್ಲ, 12 ಇಂಚಿನ ಒಂದು ಬಾಣಲೆ ಮತ್ತು ಕರೆಂಟಿನ ಒಲೆ ಮಾತ್ರ. ಒಂದು ಪೌಂಡ್ ಖೀಮಾ, ಬಟಾಟೆ, ಈರುಳ್ಳಿ, ಡಬ್ಬಿ ಟೊಮೆಟೊ, ಮಸಾಲೆ ಎಲ್ಲ ಒಟ್ಟಿಗೆ ಹಾಕಿ ಮುಚ್ಚಿ ಬೇಯಿಸಿದೆ. ಖೀಮಾ ಬೂದಿ ಬಣ್ಣದ ರಬ್ಬರ್ ಹಾಗಾಯಿತು, ಸುತ್ತ ನೀರು ನಿಂತಿತು. ಮುಕ್ಕಾಲು ಗಂಟೆ ಕಳೆದರೂ ಬಟಾಟೆ ಒಳಗೆ ಕಚಕಚ. ಮೂರು ಸಲ ಹೀಗೇ ಆಯಿತು. ಎಲ್ಲಿ ತಪ್ಪುತ್ತಿದ್ದೇನೆ? ಖೀಮಾ ಒಳಗೆ ಸ್ವಲ್ಪ ಗುಲಾಬಿ ಬಣ್ಣ ಉಳಿದರೆ ತಿನ್ನಬಹುದೇ?

ಉತ್ತರ: ಮೊದಲು ಟೊಮೆಟೊ ವಿಷಯ ಹೇಳಿಬಿಡುತ್ತೇನೆ. ಬಟಾಟೆ ಬೇಯದೆ ಉಳಿದದ್ದು ಅದರಿಂದಲೇ.

ತೊಗರಿಬೇಳೆ ಬೇಯುವ ಮೊದಲು ಹುಣಿಸೆರಸ ಹಾಕಬಾರದು ಎಂದು ನಮ್ಮಲ್ಲಿ ಅಡುಗೆ ಕಲಿಯಲು ಹೊರಟವರಿಗೆ ಮೊದಲ ವಾರದಲ್ಲೇ ಯಾರಾದರೂ ಹೇಳಿರುತ್ತಾರೆ. ತರಕಾರಿ ಮೆತ್ತಗಾದ ಮೇಲೆಯೇ ಹುಳಿ. ಬಟಾಟೆಗೂ ಅದೇ ನಿಯಮ. ತರಕಾರಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ವಸ್ತುವಿಗೆ ಪೆಕ್ಟಿನ್ ಎನ್ನುತ್ತಾರೆ. ಬಿಸಿನೀರಿನಲ್ಲಿ ಅದು ಕರಗುತ್ತಾ ಬಂದ ಹಾಗೆ ಬಟಾಟೆ ಮೆತ್ತಗಾಗುತ್ತದೆ. ನೀರು ಹುಳಿಯಾಗಿದ್ದರೆ ಅದು ಸುಲಭಕ್ಕೆ ಕರಗುವುದಿಲ್ಲ. ಜಾಮ್ ಮಾಡುವಾಗ ನಿಂಬೆರಸ ಹಿಂಡುತ್ತೇವಲ್ಲ, ಅಲ್ಲಿ ಗಟ್ಟಿಯಾಗಿ ಕೂರುವುದೂ ಇದೇ ಪೆಕ್ಟಿನ್.

ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕು ಸೇರಿಕೊಂಡಿದೆ. ನೀವು ಹಾಕಿದ್ದು ಹೆಚ್ಚಿದ ಟೊಮೆಟೊ ಹೋಳುಗಳ ಡಬ್ಬಿ ಇರಬೇಕು. ಆ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಎಂದು ಒಮ್ಮೆ ಓದಿ. ಹೆಚ್ಚಿನವುಗಳಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಇರುತ್ತದೆ, ಎಷ್ಟೋ ಸಲ ಜೊತೆಗೆ ಸಿಟ್ರಿಕ್ ಆಮ್ಲವೂ. ಟೊಮೆಟೊ ಹೋಳು ಕರಗಿ ಗೊಜ್ಜಾಗದೆ ಆಕಾರ ಉಳಿಸಿಕೊಳ್ಳಲಿ ಎಂದೇ ಕಂಪನಿಯವರು ಕ್ಯಾಲ್ಸಿಯಂ ಹಾಕುತ್ತಾರೆ. ಅದು ಪೆಕ್ಟಿನ್ನನ್ನು ಇನ್ನಷ್ಟು ಬಿಗಿ ಮಾಡುತ್ತದೆ, ಟೊಮೆಟೊದ್ದು ಮಾತ್ರವಲ್ಲ, ಪಕ್ಕದಲ್ಲಿ ಬೇಯುತ್ತಿರುವ ಬಟಾಟೆಯದ್ದನ್ನೂ. ಮುಕ್ಕಾಲು ಗಂಟೆ ಬೆಂದರೂ ಕಚಕಚ ಎನ್ನಲು ಬೇರೆ ಕಾರಣ ಹುಡುಕಬೇಕಿಲ್ಲ.

ಹಾಗಾದರೆ ಅಮ್ಮ ಮಾಡುವಾಗ ಯಾಕೆ ಬೇಯುತ್ತಿತ್ತು? ಕುಕ್ಕರ್ ಇತ್ತಲ್ಲ. ತೆರೆದ ಪಾತ್ರೆಯ ನೀರು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಕುಕ್ಕರ್‌ನೊಳಗೆ ಒತ್ತಡ ಪೂರ್ತಿ ಏರಿದಾಗ ಸುಮಾರು 120ರವರೆಗೆ ಹೋಗುತ್ತದೆ. ಆ ಕಾವಿನ ಮುಂದೆ ಹುಳಿಯ ಆಟ ಹೆಚ್ಚು ನಡೆಯುವುದಿಲ್ಲ. ಅಮ್ಮನ ಅಳತೆ, ಅಮ್ಮನ ಮಸಾಲೆ ಎಲ್ಲ ಸರಿಯಾಗಿಯೇ ಹಾಕಿದ್ದೀರಿ. ಪಾತ್ರೆ ಬದಲಾದಾಗ ಹಾಕುವ ಕ್ರಮವನ್ನೂ ಬದಲಿಸಬೇಕಿತ್ತು, ಅಷ್ಟೇ. ನಾನು ಈ ಉತ್ತರದಲ್ಲಿ ಹೇಳಬೇಕೆಂದಿರುವುದೂ ಮುಖ್ಯವಾಗಿ ಇದನ್ನೇ: ಬಾಣಲೆ ಒಂದೇ ಇರಲಿ, ಸಾಮಾನು ಮಾತ್ರ ಒಂದೊಂದಾಗಿ, ತನ್ನ ಸರದಿಗೆ ಬೀಳಬೇಕು.

ಇನ್ನು ಖೀಮಾ. ಮಾಂಸದಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ನೀರೇ. ಬಾಣಲೆ ಸಾಕಷ್ಟು ಕಾದಿಲ್ಲದಿದ್ದರೆ, ಅಥವಾ ಈರುಳ್ಳಿ ಟೊಮೆಟೊ ಜೊತೆ ಒತ್ತೊತ್ತಾಗಿ ತುಂಬಿದ್ದರೆ, ಆ ನೀರು ಆವಿಯಾಗಿ ಹೋಗುವ ಮೊದಲೇ ತಳದಲ್ಲಿ ನಿಲ್ಲುತ್ತದೆ. ನೀರು ನಿಂತಿರುವವರೆಗೆ ಅಲ್ಲಿನ ಕಾವು 100 ದಾಟದು. ಮಾಂಸ ಕಂದಾಗಿ ಆ ಘಮ ಬರಬೇಕಾದರೆ ಸುಮಾರು 140 ಡಿಗ್ರಿ ಬೇಕು. ಫ್ರೆಂಚ್ ರಸಾಯನಶಾಸ್ತ್ರಜ್ಞ ಲೂಯಿ ಕಮಿಲ್ ಮೈಯಾರ್ 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದ್ದರಿಂದ ಅದಕ್ಕೆ ಅವರದೇ ಹೆಸರು. ದೋಸೆಯ ಕೆಂಪು, ಬ್ರೆಡ್ಡಿನ ಹೊರಸಿಪ್ಪೆ, ಹುರಿದ ಕಾಫಿಬೀಜದ ಪರಿಮಳ ಎಲ್ಲದರಲ್ಲೂ ಅದರ ಪಾಲಿದೆ. ಮುಚ್ಚಳ ಹಾಕಿದಿರಿ ಎಂದರೆ ಆವಿಗೆ ಹೋಗಲು ದಾರಿಯೇ ಇಲ್ಲ. ನಿಮ್ಮ ಖೀಮಾ ಹುರಿದಿಲ್ಲ, ತನ್ನ ನೀರಿನಲ್ಲೇ ಕುದಿದಿದೆ.

ಕಿವಿ ಕೊಟ್ಟರೆ ಇದು ಕೇಳಿಸುತ್ತದೆ. ನಾನು ಹೋಟೆಲ್ ಅಡುಗೆಮನೆಗೆ ಸೇರಿದ ಮೊದಲ ವರ್ಷ ನನಗೆ ಕಲಿಸಿದ ಹಿರಿಯ ಬಾಣಸಿಗರೊಬ್ಬರು ಬಾಣಲೆಗೆ ಬೆನ್ನು ಹಾಕಿ ಬೇರೆ ಕೆಲಸ ಮಾಡುತ್ತಲೇ, "ನೀರು ಬಿಟ್ಟಿದೆ, ಉರಿ ಏರಿಸು" ಎನ್ನುತ್ತಿದ್ದರು. ನೀರು ನಿಂತಾಗ ಸದ್ದು ಮಂದ, ಗುಳುಗುಳು ಎನ್ನುತ್ತದೆ. ನೀರು ಆರಿ ಜಿಡ್ಡಿನಲ್ಲಿ ಹುರಿಯಲು ಶುರುವಾದ ಕೂಡಲೇ ಸದ್ದು ತೆಳುವಾಗಿ ಚುರುಚುರು, ಚಟಪಟ ಎಂದು ಬದಲಾಗುತ್ತದೆ. ಒಂದೆರಡು ದಿನ ಗಮನವಿಟ್ಟು ಕೇಳಿ, ಆಮೇಲೆ ನೋಡದೆಯೇ ಗೊತ್ತಾಗುತ್ತದೆ.

ಅಂಗಡಿಯಲ್ಲಿ ಯಾವ ಪೊಟ್ಟಣ ತರುತ್ತೀರಿ ಎಂಬುದೂ ಮುಖ್ಯ. ಅಮೆರಿಕದಲ್ಲಿ ಖೀಮಾ ಪೊಟ್ಟಣದ ಮೇಲೆ 80/20, 85/15, 93/7 ಎಂದು ಬರೆದಿರುತ್ತದೆ. ಮೊದಲ ಅಂಕಿ ಮಾಂಸ, ಎರಡನೆಯದು ಕೊಬ್ಬು, ತೂಕದ ಶೇಕಡಾವಾರು. ಬೀಫ್ ಖೀಮಾದಲ್ಲಿ ಶೇ. 30ಕ್ಕಿಂತ ಹೆಚ್ಚು ಕೊಬ್ಬು ಇರಬಾರದೆಂದು ಅಲ್ಲಿನ ಕೃಷಿ ಇಲಾಖೆಯ ನಿಯಮವಿದೆ. ಆರೋಗ್ಯಕ್ಕೆ ಒಳ್ಳೆಯದೆಂದು ಎಲ್ಲರೂ 93/7 ತರುತ್ತಾರೆ, ಬೆಲೆಯೂ ಹೆಚ್ಚು. ಈ ಅಡುಗೆಗೆ ನನ್ನ ಆಯ್ಕೆ 85/15. ಬಟಾಟೆ ಹುರಿಯಲು ಬೇಕಾದಷ್ಟು ಜಿಡ್ಡು ಅದೇ ಬಿಡುತ್ತದೆ, ಒಣಗಿದ ಪುಡಿಯಂತೆ ಆಗುವುದೂ ಇಲ್ಲ. 80/20 ಸಿಕ್ಕಿದರೆ ಹುರಿದ ಮೇಲೆ ಎರಡು ದೊಡ್ಡ ಚಮಚದಷ್ಟು ಜಿಡ್ಡು ಉಳಿಸಿ ಮಿಕ್ಕದ್ದನ್ನು ಖಾಲಿ ಡಬ್ಬಿಗೆ ಬಸಿಯಿರಿ. ಸಿಂಕ್‌ಗೆ ಖಂಡಿತ ಸುರಿಯಬೇಡಿ, ಆ ಚಳಿಯಲ್ಲಿ ಪೈಪಿನೊಳಗೆ ಮೇಣದ ಹಾಗೆ ಹೆಪ್ಪುಗಟ್ಟುತ್ತದೆ. 93/7 ಮನೆಯಲ್ಲಿದ್ದರೆ ಒಂದೂವರೆ ಚಮಚ ಎಣ್ಣೆ ಹಾಕಿಕೊಂಡು ಮಾಡಿ. ಪೊಟ್ಟಣ ಬಿಡಿಸಿದಾಗ ಹೊರಗೆ ಕೆಂಪು, ಒಳಗೆ ಕಂದುಬಣ್ಣ ಕಂಡರೆ ಹೆದರಬೇಡಿ, ಒಳಗಿನ ಮಾಂಸಕ್ಕೆ ಗಾಳಿ ತಾಗಿರುವುದಿಲ್ಲ, ಅಷ್ಟೇ. ಕೆಟ್ಟ ವಾಸನೆ, ಕೈಗೆ ಲೋಳೆ ತಾಗಿದರೆ ಮಾತ್ರ ಎಸೆಯಿರಿ.

ಬಟಾಟೆಯಲ್ಲೂ ಜಾತಿ ಇದೆ. ಅಲ್ಲಿ ಉದ್ದಕ್ಕೆ, ಒರಟು ಕಂದು ಸಿಪ್ಪೆಯ ರಸೆಟ್ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಹಿಟ್ಟಿನಂಶ ಹೆಚ್ಚು, ಬೆಂದರೆ ಅಂಚು ಒಡೆದು ಕದಡುತ್ತದೆ. ಕೆಂಪು ಸಿಪ್ಪೆಯ ಸಣ್ಣ ಬಟಾಟೆ ಎಷ್ಟು ಬೇಯಿಸಿದರೂ ಗುಂಡುಗುಂಡಾಗಿ ನಿಲ್ಲುತ್ತದೆ, ಮಸಾಲೆ ಮಾತ್ರ ಹೊರಗೇ ಉಳಿಯುತ್ತದೆ. ಎರಡರ ನಡುವಿನ ಹದ ಯೂಕಾನ್ ಗೋಲ್ಡ್‌ನದು. ಕೆನಡಾದ ಗ್ವೆಲ್ಫ್‌ನಲ್ಲಿ ಬೆಳೆಸಿದ ತಳಿ ಅದು, 1980ರಲ್ಲಿ ಬಿಡುಗಡೆಯಾಯಿತು. ತಿರುಳು ಬೆಣ್ಣೆಯ ಹಾಗೆ ಹಳದಿ, ಹೋಳು ಒಡೆಯುವುದಿಲ್ಲ, ಆದರೂ ಅಂಚಿನಿಂದ ಸ್ವಲ್ಪ ಹಿಟ್ಟು ಬಿಟ್ಟು ಗೊಜ್ಜನ್ನು ಗಟ್ಟಿ ಮಾಡುತ್ತದೆ. ಊರಿನ ರುಚಿಗೆ ಹತ್ತಿರವಾದದ್ದು ಅದೇ ಎಂದು ನನ್ನ ಅನಿಸಿಕೆ. ಯಾವುದನ್ನು ತಂದರೂ ಫ್ರಿಜ್‌ನಲ್ಲಿ ಇಡಬೇಡಿ. ತಂಪಿನಲ್ಲಿ ಹಿಟ್ಟು ಸಕ್ಕರೆಯಾಗುತ್ತದೆ, ಹುರಿಯುವಾಗ ಒಳಗೆ ಬೇಯುವ ಮೊದಲೇ ಹೊರಗೆ ಸೀಯುತ್ತದೆ. ಬೆಳಕಿಲ್ಲದ ಕಪಾಟಿನಲ್ಲಿ, ಗಾಳಿಯಾಡುವ ಚೀಲದಲ್ಲಿಡಿ. ಹಸಿರಾದ ಭಾಗ, ಮೊಳಕೆ ಕಂಡರೆ ದಪ್ಪಕ್ಕೆ ಕೆತ್ತಿ ತೆಗೆಯಿರಿ, ಪೂರ್ತಿ ಹಸಿರಾಗಿದ್ದರೆ ಎಸೆದುಬಿಡಿ.

ಈಗ ಅಡುಗೆ. ಮೂರು ಜನಕ್ಕೆ, ಅಥವಾ ನಿಮಗೆ ಎರಡು ರಾತ್ರಿ ಒಂದು ಮಧ್ಯಾಹ್ನಕ್ಕೆ ಆಗುವ ಲೆಕ್ಕ: ಖೀಮಾ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ. ಬಟಾಟೆ 550 ಗ್ರಾಂ, ಮಧ್ಯಮ ಗಾತ್ರದ ಮೂರು ನಾಲ್ಕು. ಒಂದು ದೊಡ್ಡ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಎರಡು ಹಸಿಮೆಣಸು. ಮೆಣಸಿನ ಪುಡಿ ಒಂದು ಚಮಚ, ಕೊತ್ತಂಬರಿ ಪುಡಿ ಎರಡು ಚಮಚ, ಅರಿಶಿನ ಕಾಲು ಚಮಚ, ಕಾಳುಮೆಣಸಿನ ಪುಡಿ ಅರ್ಧ ಚಮಚ, ಗರಂ ಮಸಾಲೆ ಅರ್ಧ ಚಮಚ. ಡಬ್ಬಿ ಹೋಳುಗಳ ಬದಲು ಎರಡು ದೊಡ್ಡ ಚಮಚ ಟೊಮೆಟೊ ಪೇಸ್ಟ್. ಮುಕ್ಕಾಲು ಕಪ್ ನೀರು. ಇದ್ದರೆ ಅರ್ಧ ಕಪ್ ಫ್ರೀಜರ್ ಬಟಾಣಿ, ಕೊತ್ತಂಬರಿ ಸೊಪ್ಪು.

ಬಟಾಟೆಯನ್ನು ಅರ್ಧ ಇಂಚಿನ ಚೌಕ ಹೋಳು ಮಾಡಿ. ಇದರಲ್ಲಿ ಉದಾಸೀನ ಬೇಡ. ಒಂದು ಹೋಳು ಅರ್ಧ ಇಂಚು, ಇನ್ನೊಂದು ಒಂದು ಇಂಚು ಇದ್ದರೆ ಸಣ್ಣದು ಕದಡಿದರೂ ದೊಡ್ಡದು ಬೆಂದಿರುವುದಿಲ್ಲ. ತೊಳೆದು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಒದ್ದೆ ಹೋಳು ಬಾಣಲೆಯನ್ನು ತಣ್ಣಗೆ ಮಾಡುತ್ತದೆ, ತಳಕ್ಕೂ ಅಂಟುತ್ತದೆ.

ಬಾಣಲೆಯನ್ನು ಖಾಲಿಯಾಗಿಯೇ ಮಧ್ಯಮಕ್ಕಿಂತ ಸ್ವಲ್ಪ ಹೆಚ್ಚು ಉರಿಯಲ್ಲಿ ಕಾಯಿಸಿ, ನಾನ್‌ಸ್ಟಿಕ್ ಆಗಿದ್ದರೆ ಮೊದಲೇ ಎಣ್ಣೆ ಹಾಕಿಕೊಳ್ಳಿ. ಕರೆಂಟಿನ ಸುರುಳಿ ಒಲೆ ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ತಣಿಯುತ್ತದೆ, ಆದ್ದರಿಂದ ಮೂರ್ನಾಲ್ಕು ನಿಮಿಷ ಕೊಡಿ. ಉರಿ ತಗ್ಗಿಸಬೇಕಾದಾಗ ಗುಂಡಿ ತಿರುಗಿಸಿದರೆ ಸಾಲದು, ಬಾಣಲೆಯನ್ನೇ ಅರ್ಧ ನಿಮಿಷ ಪಕ್ಕಕ್ಕಿಡಿ. ಒಂದು ಹನಿ ನೀರು ಚಿಮುಕಿಸಿದಾಗ ಕುಣಿದು ಹಾರಿದರೆ ಕಾದಿದೆ. ಒಂದು ಚಮಚ ಎಣ್ಣೆ ಹಾಕಿ, ಖೀಮಾವನ್ನು ಪುಡಿ ಮಾಡದೆ ರೊಟ್ಟಿ ತಟ್ಟಿದ ಹಾಗೆ ಬಾಣಲೆ ತುಂಬ ತಟ್ಟಿ. ಇನ್ನು ಐದು ನಿಮಿಷ ಸೌಟು ಕೆಳಗಿಡಿ. ಎಲ್ಲರೂ ಎಡವುವುದು ಇಲ್ಲೇ. ಕೈಯಾಡಿಸದಿದ್ದರೆ ತಳ ಹಿಡಿಯುತ್ತದೆಂಬ ಹೆದರಿಕೆ ನಮಗೆ ಹುಟ್ಟಿನಿಂದಲೇ ಇದೆ. ಇಲ್ಲಿ ತಳ ಹಿಡಿಯಬೇಕು. ಒಂದು ಮೂಲೆ ಎತ್ತಿ ನೋಡಿ, ಕಾಫಿಪುಡಿಯ ಬಣ್ಣ ಬಂದಿದ್ದರೆ ನಾಲ್ಕು ತುಂಡು ಮಾಡಿ ಮಗುಚಿ, ಎರಡು ನಿಮಿಷ ಬಿಟ್ಟು ಆಮೇಲೆ ಸೌಟಿನ ಅಂಚಿನಿಂದ ಒಡೆಯಿರಿ. ಪೂರ್ತಿ ಪುಡಿಪುಡಿ ಬೇಡ, ಅಲ್ಲಲ್ಲಿ ನೆಲ್ಲಿಕಾಯಿ ಗಾತ್ರದ ಉಂಡೆ ಉಳಿದರೆ ತಿನ್ನಲು ಚೆನ್ನ. ಉಪ್ಪನ್ನು ಈಗ ಹಾಕಿ, ಹಸಿ ಖೀಮಾಕ್ಕೆ ಕಲಸಿ ಇಡಬೇಡಿ. ಹಸಿ ಮಾಂಸಕ್ಕೆ ಉಪ್ಪು ಕಲಸಿ ನಾದಿದರೆ ಅದರ ಪ್ರೋಟೀನ್ ಅಂಟಂಟಾಗಿ ಬೆಸೆದುಕೊಳ್ಳುತ್ತದೆ. ಸಾಸೇಜ್‌ಗೆ ಅದು ಬೇಕು, ಇದಕ್ಕೆ ಬೇಡ. ನೀವು ಹೇಳಿದ ರಬ್ಬರಿಗೆ ಅರ್ಧ ಕಾರಣ ಇದೂ ಇರಬಹುದು.

ಖೀಮಾವನ್ನು ಒಂದು ತಟ್ಟೆಗೆ ತೆಗೆಯಿರಿ. ಜಿಡ್ಡು ಬಾಣಲೆಯಲ್ಲೇ ಇರಲಿ. ಅದರಲ್ಲಿ ಬಟಾಟೆ ಹೋಳು ಹರಡಿ, ಸ್ವಲ್ಪ ಉಪ್ಪು ಚಿಮುಕಿಸಿ, ಆರೇಳು ನಿಮಿಷ ಹುರಿಯಿರಿ, ಎರಡು ಸಲ ಮಾತ್ರ ಮಗುಚಿ. ಎರಡು ಮುಖವಾದರೂ ಹೊಂಬಣ್ಣಕ್ಕೆ ಬರಲಿ. ಆಮೇಲೆ ಈರುಳ್ಳಿ, ಅದು ಬಾಡಿದ ಮೇಲೆ ಜಜ್ಜಿದ ಶುಂಠಿ ಬೆಳ್ಳುಳ್ಳಿ, ಹಸಿಮೆಣಸು. ಉರಿ ತಗ್ಗಿಸಿ ಮೆಣಸಿನ ಪುಡಿ, ಕೊತ್ತಂಬರಿ ಪುಡಿ, ಅರಿಶಿನ ಹಾಕಿ ಅರ್ಧ ನಿಮಿಷ ಬಾಡಿಸಿ, ತಕ್ಷಣ ನೀರು ಹೊಯ್ಯಿರಿ.

ನೀರು ಬಿದ್ದ ಆ ಕ್ಷಣ ಬಾಣಲೆಯ ತಳ ನೋಡಿ. ಖೀಮಾ ಬಿಟ್ಟುಹೋದ ಕಂದು ಪದರ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಮರದ ಸೌಟಿನಿಂದ ಉಜ್ಜಿದ ಹಾಗೆ ಅದು ಪದರಪದರವಾಗಿ ಎದ್ದು ನೀರಿಗೆ ಬಣ್ಣ ಬಿಡುತ್ತದೆ. ಹುರಿದ ಕೊತ್ತಂಬರಿಯ ವಾಸನೆಯೊಳಗೆ ಮಾಂಸದ ಸಾರಿನ ವಾಸನೆ ಏಳುತ್ತದೆ. ನೀವು ಮೂರು ಸಲ ಮಾಡಿದಾಗಲೂ ಇಲ್ಲದೇ ಹೋದದ್ದು ಇದು. ಈ ಅಡುಗೆಯ ರುಚಿಯೆಲ್ಲ ಆ ಪದರದಲ್ಲಿದೆ, ಅದಕ್ಕಾಗಿಯೇ ನಾನು ಇದನ್ನು ಒಂದೇ ಬಾಣಲೆಯಲ್ಲಿ ಮಾಡುವುದು. ಬಟಾಟೆಯನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ ತಂದು ಸೇರಿಸಿದರೆ ಅದು ಬಟಾಟೆಯೊಳಗೆ ಹೋಗುವುದೇ ಇಲ್ಲ.

ಈಗ ಮುಚ್ಚಿ. ಸಣ್ಣ ಉರಿಯಲ್ಲಿ ಹತ್ತರಿಂದ ಹನ್ನೆರಡು ನಿಮಿಷ. ಫೋರ್ಕಿನಿಂದ ಒಂದು ಹೋಳು ಚುಚ್ಚಿ, ತಡೆಯಿಲ್ಲದೆ ಒಳಹೋಗಿ ಹೋಳು ಅಲ್ಲೇ ಬಿರಿಯುವಂತಿದ್ದರೆ ಬೆಂದಿದೆ. ಇಲ್ಲದಿದ್ದರೆ ಇನ್ನೆರಡು ಚಮಚ ನೀರು ಚಿಮುಕಿಸಿ ಮೂರು ನಿಮಿಷ. ಬಟಾಟೆ ಬೆಂದಿದೆ ಎಂದು ಖಾತ್ರಿಯಾದ ಮೇಲೆಯೇ ಟೊಮೆಟೊ ಪೇಸ್ಟ್, ತಟ್ಟೆಯಲ್ಲಿರುವ ಖೀಮಾ, ಅದರ ರಸ, ಬಟಾಣಿ. ಮುಚ್ಚಳ ತೆಗೆದು ಐದು ನಿಮಿಷ ಕುದಿಸಿ. ಗೊಜ್ಜು ಹೋಳಿಗೆ ಅಂಟಿ, ಅಂಚಿನಲ್ಲಿ ಜಿಡ್ಡು ಕಾಣಿಸಿಕೊಂಡರೆ ಗರಂ ಮಸಾಲೆ, ಕಾಳುಮೆಣಸು, ಕೊತ್ತಂಬರಿ ಸೊಪ್ಪು ಹಾಕಿ ಇಳಿಸಿ. ಕೊನೆಗೆ ಅರ್ಧ ಚಮಚ ವಿನೆಗರ್ ಹಾಕಿದರೆ ಮಂಗಳೂರಿನ ಕ್ರೈಸ್ತ ಮನೆಗಳ ರುಚಿಗೆ ಹತ್ತಿರ ಬರುತ್ತದೆ.

ಗುಲಾಬಿ ಬಣ್ಣದ ಪ್ರಶ್ನೆಗೆ ನನ್ನ ಉತ್ತರ ಖಡಾಖಂಡಿತ: ಬಣ್ಣ ನೋಡಿ ನಿರ್ಧರಿಸಬೇಡಿ. ಇಡೀ ಮಾಂಸದ ತುಂಡಿನಲ್ಲಿ ಕ್ರಿಮಿಗಳು ಸಾಮಾನ್ಯವಾಗಿ ಹೊರಮೈಯಲ್ಲಿರುತ್ತವೆ, ಹೊರಗೆ ಸುಟ್ಟರೆ ಸಾಯುತ್ತವೆ. ಅದಕ್ಕೇ ಸ್ಟೇಕ್ ಒಳಗೆ ಕೆಂಪಗಿದ್ದರೂ ತಿನ್ನುತ್ತಾರೆ. ಕೊಚ್ಚಿದಾಗ ಹೊರಮೈಯೇ ಒಳಗೆಲ್ಲ ಹರಡುತ್ತದೆ. ಇ. ಕೋಲಿ ಒ157 ಎಂಬ ಬ್ಯಾಕ್ಟೀರಿಯಾ ಖೀಮಾದಲ್ಲಿ ಸೇರಿ ಮಕ್ಕಳ ಜೀವ ಹೋದ ಮೇಲೆ, 1994ರಲ್ಲಿ ಅಮೆರಿಕದ ಕೃಷಿ ಇಲಾಖೆ ಅದಿರುವ ಹಸಿ ಖೀಮಾವನ್ನು ಮಾರಲು ಅಯೋಗ್ಯವೆಂದು ಘೋಷಿಸಿತು. ಬೀಫ್ ಖೀಮಾ ಒಳಗೂ 160 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 71 ಸೆಲ್ಸಿಯಸ್ ಮುಟ್ಟಬೇಕು. ಕೆಲವು ಮಾಂಸ ಅಷ್ಟು ಬೇಯುವ ಮೊದಲೇ ಕಂದಾಗುತ್ತದೆ, ಕೆಲವು ಪೂರ್ತಿ ಬೆಂದರೂ ಗುಲಾಬಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಒಂದು ಅಡುಗೆ ಥರ್ಮಾಮೀಟರ್ ಕೊಳ್ಳಿ. ಬಿಡಿ ಖೀಮಾದಲ್ಲಿ ಅದನ್ನು ಚುಚ್ಚುವುದು ಹೇಗೆಂದರೆ, ಬಾಣಲೆಯ ಮಧ್ಯಕ್ಕೆ ಗುಡ್ಡೆ ಮಾಡಿ ಗುಡ್ಡೆಯ ನಡುವೆ ತುದಿ ಇಡಿ, ದೊಡ್ಡ ಉಂಡೆಯಿದ್ದರೆ ಅದರೊಳಗೆ. ಖೀಮಾ ಎರಡನೆಯ ಸಲ ಬಾಣಲೆಗೆ ಬಿದ್ದು ಗೊಜ್ಜಿನಲ್ಲಿ ಐದು ನಿಮಿಷ ಕುದಿಯುವುದರಿಂದ ಇಲ್ಲಿ ಆ ಕಾವು ಸುಲಭವಾಗಿ ಸಿಗುತ್ತದೆ, ಆದರೂ ನೋಡಿಯೇ ಬಡಿಸಿ. ಬೀಫ್ ತಿನ್ನದವರು ಕುರಿ ಖೀಮಾದಲ್ಲಿ ಇದೇ ಕ್ರಮದಲ್ಲಿ, ಇದೇ ಕಾವಿಗೆ ಮಾಡಬಹುದು. ಟರ್ಕಿ, ಕೋಳಿ ಆದರೆ 165 ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್.

ಹಸಿ ಖೀಮಾ ಫ್ರಿಜ್‌ನಲ್ಲಿ ಒಂದೆರಡು ದಿನವಷ್ಟೇ. ಅದಕ್ಕಿಂತ ಹೆಚ್ಚು ಇಡುವುದಾದರೆ ತಂದ ದಿನವೇ ಚಪ್ಪಟೆ ಮಾಡಿ ಫ್ರೀಜರ್‌ಗೆ ಹಾಕಿ. ಕರಗಿಸುವುದು ಫ್ರಿಜ್‌ನೊಳಗೇ ಆಗಬೇಕು, ಅಡುಗೆ ಕಟ್ಟೆಯ ಮೇಲಲ್ಲ. ಮಾಡಿದ ಅಡುಗೆಯನ್ನು ಎರಡು ಗಂಟೆಯೊಳಗೆ ಫ್ರಿಜ್‌ಗಿಟ್ಟರೆ ಮೂರ್ನಾಲ್ಕು ದಿನ ಬರುತ್ತದೆ.

ನೀವಿರುವ ಮಿನೆಸೋಟಾದ ಮನೆಗಳಲ್ಲೂ ಚಳಿಗಾಲದ ಸಮಾಧಾನದ ಊಟವೆಂದರೆ ಬಹುಮಟ್ಟಿಗೆ ಇದೇ ಸಾಮಾನು. ಅವರು ಹಾಟ್‌ಡಿಶ್ ಎನ್ನುತ್ತಾರೆ. 1930ರಲ್ಲಿ ಅಲ್ಲಿನ ಮಂಕೇಟೋ ಊರಿನ ಚರ್ಚ್ ಮಹಿಳೆಯರು ಅಚ್ಚು ಹಾಕಿಸಿದ ಅಡುಗೆ ಪುಸ್ತಕದಲ್ಲೇ ಆ ಹೆಸರಿನ ಅಡುಗೆ ಇದೆ. ಇಂದು ಹೆಚ್ಚು ಮಾಡುವುದು ಕೆಳಗೆ ಖೀಮಾ, ನಡುವೆ ಅಣಬೆಯ ಗಟ್ಟಿ ಸೂಪು, ಮೇಲೆ ತುರಿದ ಬಟಾಟೆಯ ಸಣ್ಣ ಉಂಡೆಗಳನ್ನು ಜೋಡಿಸಿ ಓವನ್‌ನಲ್ಲಿ ಕೆಂಪಾಗಿಸುವ ಬಗೆ. ನಿಮ್ಮ ಸಹಪಾಠಿಗಳು ಊಟಕ್ಕೆ ಬರುವ ದಿನ ಮೆಣಸಿನ ಪುಡಿ, ಗರಂ ಮಸಾಲೆ ಬಿಟ್ಟು ಕಾಳುಮೆಣಸು, ಒಂದು ಚಮಚ ವೂಸ್ಟರ್ ಸಾಸ್ ಹಾಕಿ, ಇಳಿಸುವ ಮೊದಲು ಒಂದು ಹಿಡಿ ಚೆಡ್ಡಾರ್ ಚೀಸ್ ತುರಿದು ಮುಚ್ಚಿಡಿ. ಕ್ರಮ ಅದೇ.

ಮೂರನೆಯ ಸಲದ ಅಡುಗೆ ಇನ್ನೂ ಫ್ರಿಜ್‌ನಲ್ಲಿದ್ದು, ದಿನ ಮೀರಿಲ್ಲದಿದ್ದರೆ, ಎಸೆಯಬೇಡಿ. ಗಟ್ಟಿ ಬಟಾಟೆ ಹೋಳುಗಳನ್ನು ಆರಿಸಿ ತೆಗೆದು, ಅಂಟಿದ ಹುಳಿ ಹೋಗುವಂತೆ ನೀರಿನಲ್ಲಿ ತೊಳೆದು, ಬಟ್ಟಲಿಗೆ ಹಾಕಿ ಎರಡು ಚಮಚ ನೀರು ಚಿಮುಕಿಸಿ ಮುಚ್ಚಿ ಮೈಕ್ರೋವೇವ್‌ನಲ್ಲಿ ನಾಲ್ಕೈದು ನಿಮಿಷ ಬೇಯಿಸಿ. ಉಳಿದದ್ದನ್ನು ಬಾಣಲೆಗೆ ಹಾಕಿ, ಮುಚ್ಚಳವಿಲ್ಲದೆ ನೀರು ಆರುವವರೆಗೆ ಹುರಿಯಿರಿ, ಸದ್ದು ಚುರುಚುರು ಎನ್ನುವವರೆಗೆ. ಆಮೇಲೆ ಬೆಂದ ಬಟಾಟೆಯನ್ನು ಹಿಸುಕಿ, ಅಂಗೈಯಲ್ಲಿ ಬಟ್ಟಲು ಮಾಡಿ, ನಡುವೆ ಆ ಒಣ ಖೀಮಾ ತುಂಬಿ ಮುಚ್ಚಿ, ಮೊಟ್ಟೆಯಲ್ಲಿ ಅದ್ದಿ ರವೆಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಎರಡೂ ಬದಿ ಕೆಂಪಗೆ ಹುರಿಯಿರಿ. ಬಟಾಟೆ ಚಾಪ್ಸ್. ಅಮ್ಮನಿಗೆ ಫೋಟೋ ಕಳಿಸಿ.